ಕಡಲಿನ ಉಷ್ಣವೂ ಕಪಿಲೆಯ ಪ್ರವಾಹವೂ

ಆಷಾಢದ ದಿನಗಳಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಗೆ ಹೋದವರಿಗೆ ಒಂದು ವೈಚಿತ್ರ್ಯವು ಕಾಣಸಿಗುವುದುಂಟು. ಸುತ್ತಣ ಹೊಲಗಳಲ್ಲಿ ಹತ್ತಿಯ ಸಸಿಗಳು ಹದವಾದ ಒಂದು ಮಳೆಯನ್ನು ಕಾಣದೆ ಬಾಡಿ ನಿಂತಿರುವಾಗ, ರೈತರು ದಿನಕ್ಕೆ ನಾಲ್ಕು ಬಾರಿ ಪಡುವಣ ಮುಗಿಲನ್ನು ನೋಡಿ ನಿಟ್ಟುಸಿರು ಬಿಡುತ್ತಿರುವಾಗ, ಅಲ್ಲಿಯೇ ಕೂಗಳತೆಯ ದೂರದಲ್ಲಿ, ಕಪಿಲೆಯೆಂದೂ ಹೆಸರಾದ ಕಬಿನಿಯ ಜಲಾಶಯವು ತನ್ನ ಪೂರ್ಣಮಟ್ಟವಾದ 2,284 ಅಡಿಗಳನ್ನು ಮುಟ್ಟಿ, ಗೇಟುಗಳನ್ನು ಎತ್ತಿದೊಡನೆ ಕೆಂಪಗೆ ಕದಡಿದ ನೀರು ನಂಜನಗೂಡಿನ ದಿಕ್ಕಿಗೆ ಭೋರ್ಗರೆದು ಹರಿಯುತ್ತಿರುತ್ತದೆ. ಮಳೆ ಬಾರದ ಊರಿಗೆ ಹೊಳೆ ಬಂದಿತೇಕೆಂದು ಕೇಳಿದರೆ, ‘ವಯನಾಡಿನಲ್ಲಿ ಮಳೆ ಹಿಡಿದಿದೆ’ ಎಂಬ ಉತ್ತರವು ಮಕ್ಕಳ ಬಾಯಲ್ಲಿಯೂ ಸಿದ್ಧವಾಗಿದೆ. ಉತ್ತರವು ಸತ್ಯವೇ, ಆದರೆ ವಯನಾಡಿಗೆ ಆ ನೀರು ಎಲ್ಲಿಂದ ಬಂದಿತು, ಅದನ್ನು ಮೇಲಕ್ಕೆತ್ತಿ ಹೊತ್ತು ತಂದ ಶಕ್ತಿ ಯಾವುದು, ಒಂದು ವರ್ಷ ಜೂನ್ ಮುಗಿಯುವುದರೊಳಗೆ ತುಂಬುವ ಅಣೆಕಟ್ಟು ಇನ್ನೊಂದು ವರ್ಷ ಆಗಸ್ಟ್ ಬಂದರೂ ತುಂಬದಿರುವುದೇಕೆ ಎಂಬ ಪ್ರಶ್ನೆಗಳ ಬೆನ್ನು ಹತ್ತಿದವನು ಘಟ್ಟವನ್ನಿಳಿದು, ಮಲಬಾರಿನ ತೀರವನ್ನು ದಾಟಿ, ಅರಬ್ಬೀ ಸಮುದ್ರದ ಮೇಲ್ಮೈಗೇ ಹೋಗಿ ನಿಲ್ಲಬೇಕಾಗುತ್ತದೆ. ಕಣ್ಣೂರಿನ ಕಡಲತೀರದಿಂದ ಹೆಗ್ಗಡದೇವನಕೋಟೆಗೆ ನೇರವಾಗಿ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸು. ಗಾಳಿಗೆ ಅದು ಕೆಲವೇ ಗಂಟೆಗಳ ಹಾದಿ. ನೀರೂ ಗಾಳಿಯೂ ಪರಸ್ಪರ ಸ್ಪರ್ಶಿಸತಕ್ಕ ಆ ಮೇಲ್ಮೈಯಲ್ಲಿ ಹಗಲಿರುಳೂ ನಡೆಯುವ ಉಷ್ಣ ಮತ್ತು ಆರ್ದ್ರತೆಗಳ ವಿನಿಮಯವನ್ನೇ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಬೇಸಾಯವೆಲ್ಲ ಆಶ್ರಯಿಸಿಕೊಂಡಿದೆ.

ನೀರು ಆವಿಯಾಗುತ್ತದೆಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಆವಿಯಾಗುವುದಕ್ಕೆ ಎಷ್ಟು ಉಷ್ಣವು ಬೇಕೆಂಬುದನ್ನು ಎಣಿಸಿ ನೋಡಿದವರು ಕಡಿಮೆ. ಒಂದು ಕಿಲೋಗ್ರಾಂ ನೀರನ್ನು ಹಿಮಬಿಂದುವಿನಿಂದ ಕುದಿಬಿಂದುವಿನವರೆಗೆ ಕಾಯಿಸಲು ಎಷ್ಟು ಉಷ್ಣವು ಬೇಕೋ ಅದರ ಸುಮಾರು ಆರು ಪಟ್ಟು, ಎಂದರೆ 24 ಲಕ್ಷ ಜೂಲ್‌ಗಳಿಗೂ ಹೆಚ್ಚು ಉಷ್ಣವು, ಅದೇ ನೀರನ್ನು ಕಡಲಿನ ಸಾಧಾರಣ ಬಿಸುಪಿನಲ್ಲಿ ಆವಿಯನ್ನಾಗಿ ಮಾಡಲು ಬೇಕಾಗುತ್ತದೆ. ಈ ಉಷ್ಣವು ಆವಿಯ ತಾಪವನ್ನು ಏರಿಸುವುದಿಲ್ಲವಾದುದರಿಂದ ಉಷ್ಣಮಾಪಕಕ್ಕೆ ಗೋಚರಿಸದು. ಅಣುಗಳನ್ನು ಒಂದರಿಂದೊಂದು ಬಿಡಿಸುವುದರಲ್ಲಿಯೇ ವ್ಯಯವಾಗಿ ಅದು ಆವಿಯೊಳಗೆ ಅಡಗಿರುತ್ತದೆ. 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು ಗುರುತಿಸಿದ ಗುಪ್ತೋಷ್ಣವೆಂದರೆ ಇದೇ. ಆ ಆವಿಯು ಎಲ್ಲಿಯೇ ಆಗಲಿ, ಎಷ್ಟು ದಿನಗಳ ಮೇಲೆಯೇ ಆಗಲಿ, ಮತ್ತೆ ಹನಿಗೂಡಿತೆಂದರೆ, ಅಡಗಿದ್ದ ಉಷ್ಣವಷ್ಟೂ ಆ ಸ್ಥಳದ ಗಾಳಿಗೆ ಬಿಡುಗಡೆಯಾಗುತ್ತದೆ.

ಈ ಉಷ್ಣದ ಗಾತ್ರವನ್ನು ತಿಳಿಯಬೇಕಾದರೆ ಕಬಿನಿಯನ್ನೇ ತೆಗೆದುಕೊಳ್ಳೋಣ. 1974ರಲ್ಲಿ ಪೂರ್ಣಗೊಂಡ ಈ ಜಲಾಶಯದ ಒಟ್ಟು ಸಾಮರ್ಥ್ಯವು 19.52 ಟಿ.ಎಂ.ಸಿ. ಅಷ್ಟು ನೀರು ವಯನಾಡಿನ ಮುಗಿಲಿನಲ್ಲಿ ಆವಿಯಿಂದ ಹನಿಯಾದಾಗ ಅಲ್ಲಿಯ ಗಾಳಿಗೆ ಬಿಡುಗಡೆಯಾದ ಉಷ್ಣವನ್ನು ವಿದ್ಯುತ್ತಿನ ಲೆಕ್ಕದಲ್ಲಿ ಹೇಳಿದರೆ, ಅದು ಸುಮಾರು 37,000 ಕೋಟಿ ಯೂನಿಟ್ಟುಗಳು. ಇಡೀ ಕರ್ನಾಟಕವು ಹಲವು ವರ್ಷಗಳ ಕಾಲ ಬಳಸತಕ್ಕಷ್ಟು. ಒಂದು ಅಣೆಕಟ್ಟು ಒಮ್ಮೆ ತುಂಬಿದ್ದರ ಲೆಕ್ಕವಿದು! ಕಡಲಿನ ಮೇಲೆ ಬಿದ್ದ ಬಿಸಿಲು ಹೀಗೆ ಆವಿಯ ರೂಪದಲ್ಲಿ ನೂರಾರು ಹರದಾರಿ ಸಾಗಿ ಬಂದು, ಘಟ್ಟದ ನೆತ್ತಿಯ ಮೇಲೆ ಗಾಳಿಯನ್ನು ಕಾಯಿಸಿ, ಕಾದ ಗಾಳಿಯು ಮತ್ತಷ್ಟು ಮೇಲಕ್ಕೇರಿ, ಅದು ತೆರವು ಮಾಡಿದ ಜಾಗಕ್ಕೆ ಕಡಲಿನ ಕಡೆಯಿಂದ ಇನ್ನಷ್ಟು ಆರ್ದ್ರವಾದ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಮುಂಗಾರು ತಿಂಗಳುಗಟ್ಟಲೆ ನಡೆಯುವುದಕ್ಕೆ ಬೇಕಾದ ಬಲದ ಬಹುಪಾಲು ಅದು ಸುರಿಸುವ ಮಳೆಯಿಂದಲೇ ಹುಟ್ಟುತ್ತದೆಂಬುದು ನನ್ನನ್ನು ಯಾವಾಗಲೂ ಬೆರಗುಗೊಳಿಸಿರುವ ಸಂಗತಿ.

ಕಡಲು ಗಾಳಿಗೆ ಉಷ್ಣವನ್ನು ಕೊಡುವುದಕ್ಕೆ ಬೇರೆ ಮಾರ್ಗಗಳೂ ಉಂಟು. ನೇರವಾದ ಸ್ಪರ್ಶದಿಂದ ಕೊಡಬಹುದು. ಆದರೆ ನಮ್ಮ ಉಷ್ಣವಲಯದ ಸಮುದ್ರಗಳಲ್ಲಿ ನೀರಿಗೂ ಅದರ ಮೇಲಣ ಗಾಳಿಗೂ ಇರುವ ತಾಪದ ಅಂತರವು ಸಾಮಾನ್ಯವಾಗಿ ಒಂದು ಡಿಗ್ರಿಯಷ್ಟು ಮಾತ್ರವಾದುದರಿಂದ, ಈ ಮಾರ್ಗದಲ್ಲಿ ಸಾಗುವ ಉಷ್ಣವು ಆವಿಯ ಮೂಲಕ ಸಾಗುವುದರ ಹತ್ತನೆಯ ಒಂದು ಪಾಲಿನಷ್ಟು. ಹೀಗಾಗಿ ಆವಿಯ ಲೆಕ್ಕವನ್ನು ಹಿಡಿದವನು ಹೆಚ್ಚುಕಡಮೆ ಇಡೀ ವ್ಯವಹಾರದ ಲೆಕ್ಕವನ್ನೇ ಹಿಡಿದಂತೆ. ಈ ಲೆಕ್ಕಕ್ಕೆ ಮೊದಲು ಕೈಯಿಟ್ಟವರಲ್ಲಿ, ಧೂಮಕೇತುವೊಂದಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ಎಡ್ಮಂಡ್ ಹ್ಯಾಲಿಯೂ ಒಬ್ಬನು. ಅವನು ಉಪ್ಪು ಬೆರೆಸಿದ ನೀರಿನ ಪಾತ್ರೆಯನ್ನು ತಕ್ಕಡಿಗೆ ತೂಗುಹಾಕಿ, ಬೇಸಗೆಯ ಹವೆಯಷ್ಟು ಬಿಸುಪಿಗೆ ಕಾಯಿಸಿ, ಎರಡು ಗಂಟೆಗಳಲ್ಲಿ ಅದರ ತೂಕವು ಎಷ್ಟು ಇಳಿಯಿತೆಂಬುದನ್ನು ಅಳೆದು, ಮೆಡಿಟರೇನಿಯನ್ ಸಮುದ್ರದಿಂದ ದಿನವೊಂದಕ್ಕೆ ಎಷ್ಟು ನೀರು ಏರಿಹೋಗಬಹುದೆಂಬ ಅಂದಾಜನ್ನು 1687ರಲ್ಲಿ ಪ್ರಕಟಿಸಿದನು; ಗಾಳಿಯು ನೀರನ್ನು ಬಿಸಿಲಿಗಿಂತಲೂ ವೇಗವಾಗಿ ಒಯ್ಯುವುದುಂಟೆಂದೂ, ಅದು ತನ್ನ ಲೆಕ್ಕಕ್ಕೆ ಹೊರಗೆಂದೂ ಅಲ್ಲಿಯೇ ಸೂಚಿಸಿದನು. ಮುಂದೆ 19ನೆಯ ಶತಮಾನದ ಆರಂಭದಲ್ಲಿ ಜಾನ್ ಡಾಲ್ಟನ್ನನು ಈ ಸಂಗತಿಗಳನ್ನೆಲ್ಲ ಒಂದು ನಿಯಮಕ್ಕೆ ತಂದನು. ನೀರಿನ ಮೇಲ್ಮೈಯ ಆವಿಯ ಒತ್ತಡಕ್ಕೂ ಮೇಲಣ ಗಾಳಿಯಲ್ಲಿ ಈಗಾಗಲೇ ಇರುವ ಆವಿಯ ಒತ್ತಡಕ್ಕೂ ಎಷ್ಟು ಅಂತರವಿದೆ, ಗಾಳಿ ಎಷ್ಟು ವೇಗವಾಗಿ ಬೀಸುತ್ತಿದೆ ಎಂಬ ಎರಡು ವಿಷಯಗಳನ್ನು ಅರಿತರೆ, ಆವಿಯಾಗುವ ಪ್ರಮಾಣವನ್ನು ತಕ್ಕಮಟ್ಟಿಗೆ ಹೇಳಬಹುದು.

ಈ ಗಾಳಿಯ ಪಾತ್ರವನ್ನು ನಮ್ಮ ಪಾಠಪುಸ್ತಕಗಳ ಚಿತ್ರಗಳು ಮರೆತುಬಿಟ್ಟಿವೆ. ಸೂರ್ಯ, ಕಡಲು, ಮೇಲಕ್ಕೆ ನಾಲ್ಕು ಬಾಣದ ಗುರುತು, ಒಂದು ಮೋಡ, ಕೆಳಕ್ಕೆ ಮಳೆ: ಇಷ್ಟನ್ನು ನೋಡಿ ಬೆಳೆದ ವಿದ್ಯಾರ್ಥಿಯು, ಅರಬ್ಬೀ ಸಮುದ್ರವು ಅತ್ಯಂತ ಕಾದಿರುವ ಏಪ್ರಿಲ್-ಮೇ ತಿಂಗಳುಗಳಲ್ಲಿಯೇ ಅತ್ಯಂತ ಹೆಚ್ಚು ನೀರು ಆವಿಯಾಗಬೇಕೆಂದು ತೀರ್ಮಾನಿಸಿದರೆ ತಪ್ಪು ಅವನದಲ್ಲ. ವಾಸ್ತವದಲ್ಲಿ ನಡೆಯುವುದು ಇದಕ್ಕೆ ವ್ಯತಿರಿಕ್ತ. ಕೇರಳ-ಕರ್ನಾಟಕಗಳ ತೀರದಾಚೆಯ ನೀರು ಮೇ ತಿಂಗಳಲ್ಲಿ 30 ಡಿಗ್ರಿಯನ್ನು ಮೀರಿ ಕಾದಿರುವಾಗ ಗಾಳಿಯು ಮಂದವಾಗಿರುವುದರಿಂದ, ಆವಿಯಾಗುವಿಕೆಯು ವರ್ಷದಲ್ಲಿಯೇ ಕಡಿಮೆಯ ಮಟ್ಟದಲ್ಲಿರುತ್ತದೆ. ಜೂನ್ ತಿಂಗಳಲ್ಲಿ ಮುಂಗಾರಿನ ಗಾಳಿ ಎದ್ದು ಕಡಲು ಕ್ಷೋಭೆಗೊಂಡಾಗ ಅದು ಶಿಖರವನ್ನು ಮುಟ್ಟುತ್ತದೆ. ಡಿಸೆಂಬರ್-ಜನವರಿಯಲ್ಲಿ ಈಶಾನ್ಯದ ಒಣಗಾಳಿ ಬೀಸುವಾಗ ಮತ್ತೊಮ್ಮೆ ಏರುತ್ತದೆ. ಬಿಸಿಲು ಕಡಲಿನಲ್ಲಿ ಉಷ್ಣವನ್ನು ಕೂಡಿಡುತ್ತದೆ, ಅದನ್ನು ಹೊರಕ್ಕೆ ತೆಗೆಯುವ ಕಾರ್ಯವು ಗಾಳಿಯದು.

ಹುಣಸೂರು, ಪಿರಿಯಾಪಟ್ಟಣಗಳ ರೈತನಿಗೆ ಈ ತತ್ತ್ವವನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಅದು ಅವನ ಕಣ್ಣೆದುರಿಗೇ ನಡೆಯುತ್ತದೆ. ಕಡ್ಡಿಗಳಿಗೆ ಕಟ್ಟಿ ಅಂತಸ್ತು ಅಂತಸ್ತಾಗಿ ತೂಗುಹಾಕಿದ ಹಸಿರೆಲೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚಾಗಿ ಇರುವುದು ನೀರೇ. ಮೊದಲ ದಿನಗಳಲ್ಲಿ ಗವಾಕ್ಷಿಗಳನ್ನು ಮುಚ್ಚಿ, 35 ಡಿಗ್ರಿಯ ಆಸುಪಾಸಿನ ಸಣ್ಣ ಉರಿಯಲ್ಲಿ ಎಲೆಯನ್ನು ಹಳದಿಗೆ ತಿರುಗಿಸಿದ ಮೇಲೆ, ಉರಿಯನ್ನು ಏರಿಸುವುದರೊಂದಿಗೆ ಕೆಳಗಿನ ಮತ್ತು ಮೇಲಿನ ಗವಾಕ್ಷಿಗಳನ್ನು ಹದವರಿತು ತೆರೆಯಬೇಕು. ತೆರೆಯುವುದು ತಡವಾದರೆ, ಉರಿ ಎಷ್ಟೇ ಇರಲಿ, ಒಳಗಿನ ಗಾಳಿಯು ಆವಿಯಿಂದ ತುಂಬಿ ಇನ್ನು ಒಂದಿಷ್ಟನ್ನೂ ಹಿಡಿಯಲಾರದೆ ಎಲೆಯು ಕಪ್ಪಡರುತ್ತದೆ. ಹರಾಜಿನಲ್ಲಿ ಅದಕ್ಕೆ ಬೆಲೆಯಿಲ್ಲ. ಈ ಹದವನ್ನು ಅರಿಯುವುದಕ್ಕಾಗಿಯೇ ಅಲ್ಲಿ ಎರಡು ಉಷ್ಣಮಾಪಕಗಳನ್ನು ತೂಗುಹಾಕುತ್ತಾರೆ: ಒಂದು ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆಬಟ್ಟೆ ಸುತ್ತಿದ್ದು. ಎರಡರ ಅಂತರವು ಕಡಿಮೆಯಾದಷ್ಟೂ ಗಾಳಿಯು ಆವಿಯಿಂದ ತುಂಬಿದೆಯೆಂದು ಅರ್ಥ. ಕಡಲಿನ ಮೇಲೆ ಹೋಗುವ ಹಡಗುಗಳಲ್ಲಿಯೂ ಬಹುಕಾಲ ಇದೇ ಜೋಡಿಯಿಂದಲೇ ಗಾಳಿಯ ಆರ್ದ್ರತೆಯನ್ನು ಅಳೆದರು. ಅರಬ್ಬೀ ಸಮುದ್ರಕ್ಕೆ ಮೇ ತಿಂಗಳೆಂದರೆ ಗವಾಕ್ಷಿ ಮುಚ್ಚಿದ ಬ್ಯಾರನ್ನು. ಜೂನ್ ಎಂದರೆ ಗವಾಕ್ಷಿ ತೆರೆದದ್ದು.

ಹಾಗಾದರೆ ನಮ್ಮ ಘಟ್ಟಕ್ಕೆ ಬರುವ ಆವಿಯೆಲ್ಲ ಅರಬ್ಬೀ ಸಮುದ್ರದ್ದೇ ಏನು? ಈ ಪ್ರಶ್ನೆಯು ವಿದ್ವಾಂಸರಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. 1960ರ ದಶಕದ ಮೊದಲಲ್ಲಿ ಹಲವು ದೇಶಗಳ ಹಡಗುಗಳು ಸೇರಿ ನಡೆಸಿದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯ ಕಾಲದಲ್ಲಿ ದೊರೆತ ಮಾಪನಗಳನ್ನು ಆಧರಿಸಿ, ಪಿ.ಆರ್. ಪಿಶಾರಟಿಯವರು 1965ರಲ್ಲಿ, ಭೂಮಧ್ಯರೇಖೆಯನ್ನು ದಾಟಿ ಬರುವ ಆವಿಗಿಂತ ಅರಬ್ಬೀ ಸಮುದ್ರದಲ್ಲಿಯೇ ಹುಟ್ಟುವ ಆವಿಯೇ ಬಹಳ ಹೆಚ್ಚೆಂದು ಪ್ರತಿಪಾದಿಸಿದರು. ಕೆಲವೇ ವರ್ಷಗಳಲ್ಲಿ, 1970ರಲ್ಲಿ, ಕೆ.ಆರ್. ಸಾಹಾ ಅವರು ಇದಕ್ಕೆ ವಿರುದ್ಧವಾದ ಲೆಕ್ಕವನ್ನು ಮುಂದಿಟ್ಟರು. ಈ ನಡುವೆ 1969ರಲ್ಲಿ ಫಿಂಡ್ಲೇಟರ್ ಎಂಬ ಹವಾಮಾನಜ್ಞನು, ದಕ್ಷಿಣ ಗೋಲಾರ್ಧದಿಂದ ಹೊರಟು, ಕೀನ್ಯಾದ ಎತ್ತರದ ನಾಡಿಗೆ ತಾಗಿ ಬಲಕ್ಕೆ ಹೊರಳಿ, ಸೊಮಾಲಿಯಾದ ತೀರವನ್ನು ಬಿಟ್ಟು, ಕಡಲಿನ ಮೇಲೆ ಒಂದೂವರೆ ಕಿಲೋಮೀಟರಿನ ಎತ್ತರದಲ್ಲಿ ಭಾರತದತ್ತ ಧಾವಿಸುವ ವಾಯುಪ್ರವಾಹವೊಂದನ್ನು ವಿವರಿಸಿದ್ದನು. ಇಬ್ಬರ ವಾದದಲ್ಲಿಯೂ ಸತ್ಯಾಂಶವುಂಟೆಂಬುದು ಈಗಿನ ಸಾಮಾನ್ಯ ತಿಳಿವಳಿಕೆ: ದಕ್ಷಿಣದ ಹಿಂದೂ ಮಹಾಸಾಗರದ ಪಾಲು ದೊಡ್ಡದು, ಅರಬ್ಬೀ ಸಮುದ್ರವು ದಾರಿಯುದ್ದಕ್ಕೂ ಅದಕ್ಕೆ ತನ್ನ ಪಾಲನ್ನು ಕೂಡಿಸುತ್ತ ಹೋಗುತ್ತದೆ. ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯ ನೀರಿನಲ್ಲಿ ಮಡಗಾಸ್ಕರದ ಆಚೆಯ ಕಡಲಿನಿಂದ ಎದ್ದ ಆವಿಯೂ ಬೆರೆತಿದೆ.

ಕಡಲಿನ ನಡುವೆ ಈ ವಿನಿಮಯವನ್ನು ಅಳೆಯುವುದು ಸುಲಭಸಾಧ್ಯವಲ್ಲ. ಗಾಳಿಯ ಒಂದೊಂದು ಸುಳಿಯೂ ಮೇಲಕ್ಕೆ ಒಯ್ಯುವ ಆವಿಯನ್ನೂ ಕೆಳಕ್ಕೆ ತರುವುದನ್ನೂ ಸೆಕೆಂಡಿಗೆ ಹಲವು ಬಾರಿ ಅಳೆಯಬೇಕು. ಅಳೆಯುವ ಉಪಕರಣವನ್ನು ಹೊತ್ತ ಹಡಗು ಅಲೆಯ ಮೇಲೆ ತಾನೇ ಏಳುತ್ತ ಬೀಳುತ್ತ ಇರುವುದರಿಂದ, ಆ ಚಲನೆಯನ್ನೂ ಅಳೆದು ಲೆಕ್ಕದಿಂದ ಕಳೆಯಬೇಕು. 1999ರ ಜುಲೈ-ಆಗಸ್ಟ್‌ನಲ್ಲಿ ಬಂಗಾಳಕೊಲ್ಲಿಯಲ್ಲಿ ನಡೆದ ಪ್ರಯೋಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿಜ್ಞಾನಿಗಳು ‘ಸಾಗರ ಕನ್ಯಾ’ ಹಡಗಿನ ಮೇಲೆ ಈ ಬಗೆಯ ಮಾಪನಗಳಲ್ಲಿ ತೊಡಗಿದರು. 2002ರಲ್ಲಿ ಅರಬ್ಬೀ ಸಮುದ್ರದಲ್ಲಿ ಅಂಥದೇ ಪ್ರಯೋಗವು ನಡೆಯಿತು. ಪಶ್ಚಿಮತೀರದ ಭಾರಿ ಮಳೆಯನ್ನು ಅಧ್ಯಯನ ಮಾಡುವುದು ಅದರ ಮುಖ್ಯೋದ್ದೇಶವಾಗಿತ್ತು. ಆದರೆ ಆ ಜುಲೈ ತಿಂಗಳಲ್ಲಿ ದೇಶದ ಮಳೆಯು ವಾಡಿಕೆಯ ಅರ್ಧಕ್ಕೆ ಇಳಿಯಿತು. ಮಳೆಯನ್ನು ಅಳೆಯಹೋದವರಿಗೆ ಬರದ ಅಧ್ಯಯನವೂ ದೊರೆತಂತಾಯಿತು. ಕನ್ನಂಬಾಡಿಯ ನೀರನ್ನು ನಂಬಿದ ಮೈಸೂರು, ಮಂಡ್ಯಗಳ ರೈತರು ಆ ವರ್ಷವನ್ನು ಬೇಗ ಮರೆಯಲಾರರು. ಅದಕ್ಕೂ ಮೊದಲು, 1984ರಲ್ಲಿ, ಸುಲೋಚನಾ ಗಾಡ್ಗೀಳ್, ಪಿ.ವಿ. ಜೋಸೆಫ್, ಎನ್.ವಿ. ಜೋಶಿ ಅವರು ಕಡಲಿನ ತಾಪವನ್ನೂ ಮೇಲಣ ಮೋಡಗಳನ್ನೂ ಹೋಲಿಸಿ ನೋಡಿ, ಸುಮಾರು 28 ಡಿಗ್ರಿಯ ಹೊಸ್ತಿಲೊಂದನ್ನು ಕಂಡಿದ್ದರು. ಅದಕ್ಕಿಂತ ತಣ್ಣಗಿರುವ ಕಡಲಿನ ಮೇಲೆ ದಟ್ಟ ಮೋಡಗಳು ವಿರಳ. ಅದನ್ನು ಮೀರಿ ಕಾದ ಕಡಲಿನ ಮೇಲೆ ಮೋಡ ಕಟ್ಟಬಹುದು, ಕಟ್ಟದೆಯೂ ಇರಬಹುದು.

ಘಟ್ಟಕ್ಕೆ ಬಂದ ಆರ್ದ್ರವಾಯುವು ಮೇಲೇರುತ್ತ ತಣ್ಣಗಾಗಿ ತನ್ನ ಭಾರವನ್ನು ಪಶ್ಚಿಮದ ಮೈಯಲ್ಲಿಯೂ ನೆತ್ತಿಯಲ್ಲಿಯೂ ಇಳಿಸಿಬಿಡುತ್ತದೆ. ಭಾಗಮಂಡಲದ ಸುತ್ತ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆಯು, ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರೂ ಇಲ್ಲದ ಕೃಷ್ಣರಾಜನಗರಕ್ಕೆ ಬರುವಾಗ ಎಂಟುನೂರರ ಸುತ್ತಮುತ್ತ ನಿಲ್ಲುತ್ತದೆ. ಪೂರ್ವಕ್ಕೆ ಇಳಿಯುವ ಗಾಳಿಯು ಬಿಸಿಯೇರಿ, ಉಳಿದ ಆವಿಯನ್ನು ಹನಿಗೂಡಿಸಲಾರದೆ ತನ್ನೊಳಗೇ ಇಟ್ಟುಕೊಂಡು ಮುಂದೆ ಸಾಗುತ್ತದೆ. ಹೀಗೆ ಈ ನಾಲ್ಕು ತಾಲ್ಲೂಕುಗಳಿಗೆ ಕಡಲು ಎರಡು ದಾರಿಗಳಲ್ಲಿ ಬರುತ್ತದೆ. ನೆಲದ ದಾರಿ ಹೊಳೆಗಳದು: ಬ್ರಹ್ಮಗಿರಿಯಿಂದ ಇಳಿದು ಹುಣಸೂರಿನ ನಡುವೆ ಹಾದುಹೋಗುವ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣದ ಗದ್ದೆಗಳಿಗೆ ನಾಲೆಯಾಗಿ ಬರುವ ಹಾರಂಗಿ, ಕೃಷ್ಣರಾಜನಗರದ ಭತ್ತದ ಬಯಲನ್ನು ಸಲಹುವ ಕಾವೇರಿ, ಹೆಗ್ಗಡದೇವನಕೋಟೆಯ ಕಪಿಲೆ. ಮುಗಿಲಿನ ದಾರಿ ಬೇರೆ. ಅದರ ಕಾಲವೂ ಬೇರೆ. ಇಲ್ಲಿಯ ಬಹುಭಾಗದಲ್ಲಿ ಹೆಚ್ಚು ಮಳೆ ಸುರಿಯುವುದು ಜುಲೈ ತಿಂಗಳಲ್ಲಲ್ಲ, ಮೇ ಮತ್ತು ಅಕ್ಟೋಬರ್‌ಗಳಲ್ಲಿ. ಹೊಳೆಯು ತುಂಬಿದಾಗ ಹೊಲವು ಬಾಡುವುದೂ, ಹೊಲಕ್ಕೆ ಮಳೆಯಾದಾಗ ಹೊಳೆಯಲ್ಲಿ ಬಂಡೆ ಕಾಣುವುದೂ ಈ ಕಾರಣದಿಂದಲೇ.

ಭರಣಿ, ಕೃತ್ತಿಕೆಗಳಲ್ಲಿ ಬರುವ ಮೇ ತಿಂಗಳ ಮಳೆಯು ಗುಡುಗು-ಸಿಡಿಲುಗಳ ಮಳೆ. ಕಾದು ನಿಂತ ಕಡಲಿನ ಮೇಲಿಂದ ಒಳನಾಡಿಗೆ ಸರಿದ ಆವಿಯು, ಮಧ್ಯಾಹ್ನದ ಬಿಸಿಲಿಗೆ ಕೆಂಡವಾದ ನೆಲದ ಮೇಲೆ ಒಮ್ಮೆಗೇ ಮೇಲೆದ್ದು, ಹನಿಗೂಡುವಾಗ ಬಿಡುಗಡೆಯಾದ ಗುಪ್ತೋಷ್ಣದಿಂದ ಇನ್ನಷ್ಟು ಹುರುಪುಗೊಂಡು, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮುಗಿಲಾಗಿ ಬೆಳೆಯುತ್ತದೆ. ಅದರೊಳಗಿನ ಹಿಮದ ಹರಳುಗಳೂ ಆಲಿಕಲ್ಲುಗಳೂ ಪರಸ್ಪರ ತಾಕಲಾಡಿ ವಿದ್ಯುತ್ತು ಸಂಚಯವಾಗುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಬಯಲಿನ ನಡುವೆ ಒಂಟಿಯಾಗಿ ಎದ್ದ ಬೆಟ್ಟದ ಮೇಲಣ ದೇವರನ್ನು ಜನರು ಸಿಡಿಲು ಮಲ್ಲಿಕಾರ್ಜುನನೆಂದು ಕರೆದಿರುವುದು ಈ ಮುಗಿಲುಗಳ ಪ್ರತಾಪವನ್ನು ತಲೆಮಾರುಗಳಿಂದ ಕಂಡುಂಡೇ. ಹೊಗೆಸೊಪ್ಪಿನ ಸಸಿಗಳನ್ನು ಹೊಲಕ್ಕೆ ನಾಟಿ ಮಾಡುವುದು ಈ ಮಳೆಯ ಹದದಲ್ಲಿ. ಜುಲೈ-ಆಗಸ್ಟ್ ತಿಂಗಳುಗಳ ಮುಂಗಾರಿನ ಮೋಡಗಳಾದರೋ ಅಷ್ಟು ಎತ್ತರಕ್ಕೆ ಬೆಳೆಯವು. ಗುಡುಗಿಲ್ಲದೆ, ದಿನವಿಡೀ ಜಿನುಗುವ ಸೋನೆಯನ್ನು ಮಾತ್ರ ಈ ಕಡೆಗೆ ಕಳುಹಿಸುತ್ತವೆ. ಆ ದಿನಗಳಲ್ಲಿ ಬ್ಯಾರನ್ನಿನ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: 70 ಡಿಗ್ರಿಯ ಉರಿಯಲ್ಲಿ ದಂಟಿನವರೆಗೂ ಒಣಗಿದ ಎಲೆಯು ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಿರುತ್ತದೆ, ಅದನ್ನು ಹಾಗೆಯೇ ಇಳಿಸುವಂತಿಲ್ಲ. ರಾತ್ರಿ ಬಾಗಿಲನ್ನೂ ಗವಾಕ್ಷಿಗಳನ್ನೂ ತೆರೆದಿಟ್ಟರೆ, ಒಳನುಗ್ಗಿದ ಗಾಳಿಯ ತೇವವನ್ನು ಹೀರಿಕೊಂಡ ಎಲೆಯು ಬೆಳಗಿನ ಹೊತ್ತಿಗೆ ಕೈಗೆ ಮೃದುವಾಗಿ, ಮಡಿಸಿದರೂ ಮುರಿಯದಂತೆ ಹದಕ್ಕೆ ಬರುತ್ತದೆ. ಎಲೆಗೆ ಹದ ಕೊಡುವ ಆ ತೇವವು ಬಂದದ್ದು ಪಡುವಣ ಕಡಲಿನಿಂದ.

ಇಷ್ಟನ್ನು ಕೊಟ್ಟ ಕಡಲಿನ ಸ್ಥಿತಿ ಏನಾಗುತ್ತದೆ? ಅದು ತಣ್ಣಗಾಗುತ್ತದೆ. ಆವಿಯೊಡನೆ ಉಷ್ಣವು ಹೊರಟುಹೋಗುವುದರ ಜೊತೆಗೆ, ಬಿರುಗಾಳಿಯು ಮೇಲಣ ನೀರನ್ನು ಕಲಕಿ ಆಳದ ತಂಪು ನೀರನ್ನು ಬೆರೆಸುತ್ತದೆ. ಸೊಮಾಲಿಯಾದ ತೀರದಲ್ಲಂತೂ ಆಳದ ನೀರೇ ಉಕ್ಕಿ ಮೇಲೆ ಬರುತ್ತದೆ. ಆದುದರಿಂದ ಮುಂಗಾರಿನ ನಡುಕಾಲದಲ್ಲಿ ಅರಬ್ಬೀ ಸಮುದ್ರದ ಬಹುಭಾಗವು ಮೇ ತಿಂಗಳಿಗಿಂತ ಕೆಲವು ಡಿಗ್ರಿ ತಂಪಾಗಿರುತ್ತದೆ. ಬಂಗಾಳಕೊಲ್ಲಿಯ ಸ್ವಭಾವವು ಬೇರೆ. ಗಂಗೆ, ಬ್ರಹ್ಮಪುತ್ರೆಗಳು ತಂದು ಸುರಿಯುವ ಸಿಹಿನೀರು ಹಗುರವಾದುದರಿಂದ ಮೇಲೆಯೇ ತೇಲಿ ನಿಂತು, ಆಳದ ತಂಪು ಸುಲಭವಾಗಿ ಮೇಲೇರದಂತೆ ತಡೆಯುತ್ತದೆ. ಹೀಗಾಗಿ ಕೊಲ್ಲಿಯು ಮಳೆಗಾಲದುದ್ದಕ್ಕೂ ಬೆಚ್ಚಗಿದ್ದು ಒಂದರ ಮೇಲೊಂದು ವಾಯುಭಾರ ಕುಸಿತಗಳನ್ನು ಹುಟ್ಟಿಸುತ್ತದೆ. ಹಸ್ತ, ಚಿತ್ತೆಗಳಲ್ಲಿ ನಮ್ಮ ರಾಗಿಯ ತೆನೆ ಕಾಳುಗಟ್ಟುವ ಹೊತ್ತಿಗೆ ಬರುವ ಹಿಂಗಾರಿನ ಮಳೆಗೆ ಆ ಕಡಲೇ ಮುಖ್ಯ ಆಸರೆ.

ಕಡಲಿನ ಮೇಲಣ ಎರಡೂವರೆ ಮೀಟರ್ ನೀರು ತನ್ನ ಮೇಲಿನ ಇಡೀ ವಾಯುಸ್ತಂಭವು ಹಿಡಿಯಬಲ್ಲಷ್ಟು ಉಷ್ಣವನ್ನು ಹಿಡಿಯಬಲ್ಲುದು. ಅಂಥ ಕಡಲೇ ಈಗ ಕಾಯುತ್ತಿದೆ: 1951ರಿಂದ 2015ರ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ತಾಪವು ಸುಮಾರು ಒಂದು ಡಿಗ್ರಿಯಷ್ಟು ಏರಿದೆ. ಗಾಳಿಯು ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲುದಾದುದರಿಂದ, ಮಳೆ ಬಂದಾಗ ಒಮ್ಮೆಗೇ ಸುರಿಯುವ ಸಂಭವವು ಹೆಚ್ಚುತ್ತದೆ. ಹದವಾಗಿ, ಹಂಚಿಕೊಂಡು ಬೀಳುವ ಮಳೆಯೂ ಅದರೊಡನೆ ಹೆಚ್ಚುತ್ತದೆಂಬ ಭರವಸೆಯಿಲ್ಲ. 2019ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮಭಾಗವು ಪೂರ್ವಭಾಗಕ್ಕಿಂತ ಬಹಳವಾಗಿ ಕಾದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥವು ಉಕ್ಕಿ ಹುಣಸೂರು ತಾಲ್ಲೂಕಿನ ಹೊಲಗದ್ದೆಗಳಿಗೆ ನುಗ್ಗಿತು, ಕಬಿನಿಯಿಂದ ಬಿಟ್ಟ ನೀರಿಗೆ ನಂಜನಗೂಡಿನ ರಸ್ತೆ ಮುಳುಗಿತು. ಕಡಲು ಕಾದದ್ದೊಂದೇ ಆ ನೆರೆಗೆ ಕಾರಣವೆನ್ನಲಾಗದಾದರೂ, ಕಡಲನ್ನು ಬಿಟ್ಟು ಅದನ್ನು ವಿವರಿಸುವುದೂ ಸಾಧ್ಯವಿಲ್ಲ.

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ಕನ್ನಂಬಾಡಿ, ಕಬಿನಿ, ಹಾರಂಗಿಗಳ ಮಟ್ಟವನ್ನೂ ಒಳಹರಿವನ್ನೂ ದಿನವೂ ತಪ್ಪದೆ ಪ್ರಕಟಿಸುತ್ತವೆ. ಹಳ್ಳಿಯ ಚಹದಂಗಡಿಯಲ್ಲಿ ಓದುಬಾರದವರೂ ಅದನ್ನು ಕೇಳಿ ತಿಳಿದು, ಭತ್ತದ ಒಟ್ಟಲು ಹಾಕುವುದೋ ಬೇಡವೋ ಎಂದು ನಿಶ್ಚಯಿಸುತ್ತಾರೆ. ಮೈಸೂರಿನ ಬಳಿಯ ನಾಗನಹಳ್ಳಿಯ ಕೃಷಿ ಹವಾಮಾನ ಘಟಕದಿಂದ ವಾರಕ್ಕೆರಡು ಬಾರಿ ರೈತರಿಗೆ ಹವಾಮಾನದ ಸಲಹೆಯೂ ಹೊರಡುತ್ತದೆ. ಕಡಲಿನ ತಾಪವನ್ನೂ ಅದರ ಮೇಲಣ ಗಾಳಿಯ ವೇಗವನ್ನೂ ತೇಲುಮಾಪಕಗಳೂ ಉಪಗ್ರಹಗಳೂ ಈಗ ಪ್ರತಿದಿನ ಅಳೆಯುತ್ತಿವೆ. ಹೈದರಾಬಾದಿನ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರದಲ್ಲಿ ಅವು ಸಂಗ್ರಹವಾಗುತ್ತಿವೆ. ಅಣೆಕಟ್ಟಿನ ಮಟ್ಟದ ಪಕ್ಕದಲ್ಲಿ ಇನ್ನೆರಡು ಸಾಲುಗಳನ್ನು, ಕಣ್ಣೂರಿನಾಚೆಯ ಕಡಲಿನ ಬಿಸುಪನ್ನೂ ಅಲ್ಲಿ ಬೀಸುತ್ತಿರುವ ಗಾಳಿಯ ವೇಗವನ್ನೂ, ಅಚ್ಚು ಮಾಡುವುದು ಕಷ್ಟದ ಕೆಲಸವಲ್ಲ. ಮೊದಲ ಒಂದೆರಡು ವರ್ಷ ಅದನ್ನು ಯಾರೂ ಗಮನಿಸದಿರಬಹುದು. ಆದರೆ 28 ಡಿಗ್ರಿಯ ಮೇಲೆ ಕಡಲು ಕಾದಿದ್ದು ಗಾಳಿ ಮಾತ್ರ ಏಳದ ಜೂನ್ ತಿಂಗಳನ್ನೂ, ಗಾಳಿ ಎದ್ದ ಮೂರು-ನಾಲ್ಕು ದಿನಗಳಲ್ಲಿ ಒಳಹರಿವು ಏರಿದ ಜುಲೈ ತಿಂಗಳನ್ನೂ ಜೊತೆಜೊತೆಯಾಗಿ ಓದುತ್ತ ಬಂದ ಹೆಗ್ಗಡದೇವನಕೋಟೆಯ ಹತ್ತಿ ಬೆಳೆಗಾರನು, ಯಾವ ವರ್ಷದ ಕಡಲನ್ನು ನಂಬಿ ಬಿತ್ತಬೇಕು, ಯಾವ ವರ್ಷ ಇನ್ನೊಂದು ವಾರ ಕಾಯಬೇಕು ಎಂಬುದನ್ನು ನಮ್ಮ ಯಾರಿಗಿಂತಲೂ ಬೇಗ ಕಲಿತುಕೊಳ್ಳುವನೆಂಬುದರಲ್ಲಿ ನನಗೆ ಸಂದೇಹವಿಲ್ಲ.